ಗರುಡ, ಕಿನ್ನರಿ ಮತ್ತು ನಮ್ಮೂರ ಶಾಲೆಯ 11 ಕಂಪ್ಯೂಟರ್

ಕನ್ನಡ ಮೇಡಂ ಫೋನ್ ಮಾಡಿದ್ದು ಒಂದು ಫಾಂಟ್ ವಿಷ್ಯಕ್ಕೆ. "ಇದ್ರಲ್ಲಿ ಗರುಡ ಅಂತ ಫಾಂಟ್ ಇದ್ಯಲ್ಲೋ, ಕಿನ್ನರಿ ಅಂತಾನೂ ಇದೆ, ಎಷ್ಟು ಚಂದ ಹೆಸ್ರು, ವಾರ್ಷಿಕೋತ್ಸವದ ಆಮಂತ್ರಣಕ್ಕೆ ಹಾಕೋಣ ಅಂತ ನೋಡಿದ್ರೆ ಎಂತ ಒತ್ತಿದ್ರೂ ಅಕ್ಷರ ಬದಲಾಗೋದೇ ಇಲ್ಲ, ನೀನು ಹಾಕಿದ್ದು ಸರಿ ಇಲ್ವಾ ಅಂತ." ನಾನು ಮೊದ್ಲು ನಂಬ್ಲಿಲ್ಲ, ಕನ್ನಡದಲ್ಲಿ ಆ ಹೆಸರಿನ ಫಾಂಟ್ ನಾನು ಕೇಳಿರ್ಲಿಲ್ಲ, ಆಮೇಲೆ ಶಾಲೆಗೆ ಹೋಗಿ ನೋಡಿದ್ರೆ ಗರುಡ, ಕಿನ್ನರಿ, ಲೋಮ, ನೊರಸಿ, ಪುರಿಸ ಅಂತ ಸಾಲಾಗಿ ನಿಂತಿವೆ. ಎಲ್ಲಾ ಥಾಯ್ ಭಾಷೆಯ ಫಾಂಟುಗಳು. ನಮ್ಮ ಪುರಾಣದ ಪಕ್ಷಿ ಅಲ್ಲೂ ಹಾರಿದೆ, ಹಾಗಾಗಿ ಹೆಸರು ನಮ್ಮದು ಅನ್ನಿಸ್ತದೆ, ಆದ್ರೆ ಅದರೊಳಗೆ ಕನ್ನಡದ ಒಂದು ಅಕ್ಷರಾನೂ ಇಲ್ಲ, ಮೇಡಂ ಎಷ್ಟು ಸಲ ಬದಲಾಯಿಸಿದ್ರೂ ಪತ್ರ ಬರೆಯೋ ಸಾಫ್ಟ್‌ವೇರು ಲಿಬ್ರೆಆಫೀಸ್ ಸುಮ್ನೆ ಬೇರೆ ಕನ್ನಡ ಫಾಂಟಿಂದ ಅಕ್ಷರ ತಂದು ತೋರಿಸ್ತಿತ್ತು. ತೀರ್ಥಹಳ್ಳಿ ತಾಲೂಕಿನ ಒಂದು ಮೂಲೆಯ ಹೈಸ್ಕೂಲಿಗೆ ಥಾಯ್ ಫಾಂಟ್ ಹಾಕಿದ್ದು ಯಾರು ಅಂದ್ರೆ ನಾನೇ. ಅದು ಹೇಗಾಯ್ತು, ಅದನ್ನ ಹೊರಗಿಡೋಕೆ ಎಷ್ಟು ಸಲ ಎಡವಿದೆ ಅನ್ನೋದನ್ನ ಪೂರ್ತಿ ಬರೀತೀನಿ, ಶಾಲೆಗೆ ಲಿನಕ್ಸ್, ಅಂದ್ರೆ ವಿಂಡೋಸ್ ಬದ್ಲು ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಮ್, ಹಾಕಿ ಕೊಡೋಕೆ ಹೊರಟಿರೋ ಯಾರಿಗಾದ್ರೂ ಉಪಯೋಗಕ್ಕೆ ಬಂದೀತು.

ಶಾಲೆ ಹೆಸರು ಬೇಡ. ಅನುದಾನಿತ ಶಾಲೆ, ನಾನು ಓದಿದ್ದೂ ಅಲ್ಲೇ. 2022ರಲ್ಲಿ ಬೆಂಗಳೂರಿನ ಒಂದು ಆಫೀಸಿನವರು ತಮ್ಮಲ್ಲಿ ಬಳಸಿ ಬಿಟ್ಟ 11 ಮಷೀನ್ ಕೊಟ್ಟಿದ್ರು, ಹೆಚ್ಚಿನವು 4 ಜಿಬಿ ರ‍್ಯಾಮ್, ಒಂದೆರಡು 2 ಜಿಬಿ, ಹಳೇ ತಿರುಗೋ ಹಾರ್ಡ್ ಡಿಸ್ಕ್, ಒಂದು ಮಾತ್ರ ತೀರಾ ಮುದುಕ, 32 ಬಿಟ್ಟಿನ ಆಟಮ್. ವಿಂಡೋಸ್ ಲೈಸೆನ್ಸ್ ಇರ್ಲಿಲ್ಲ, ಇದ್ದಿದ್ರೂ ಅದನ್ನ ಎಳೆಯೋ ತಾಕತ್ತು ಆ ಮಷೀನಿಗಿಲ್ಲ. ಹೆಡ್ ಮೇಷ್ಟ್ರು "ನೀನೇ ಎಂತಾದ್ರೂ ಮಾಡು" ಅಂದ್ರು. ನಾನು ಡೆಬಿಯನ್ ಅಂದೆ, ಲಿನಕ್ಸಿನ ಒಂದು ಬಗೆ. ಎಂತಕ್ಕೆ ಡೆಬಿಯನ್ ಅಂದ್ರೆ ನಂಗೆ ಗೊತ್ತಿರೋದು ಅದೊಂದೇ, ದೊಡ್ಡ ಕಾರಣ ಎಂತೂ ಇಲ್ಲ. 1993ರಿಂದ ನಡ್ಕೊಂಡು ಬಂದಿರೋ ಪ್ರಾಜೆಕ್ಟು, ಹಿಂದೆ ಕಂಪನಿ ಇಲ್ಲ, ಯಾರೋ ಒಬ್ರು ಬೆಳಗ್ಗೆ ಎದ್ದು ಮುಚ್ಚಿಬಿಡೋ ಭಯ ಇಲ್ಲ.

ಮೊದಲ ತಪ್ಪು ಪೆನ್ ಡ್ರೈವಿಗೆ ಇಮೇಜ್, ಅಂದ್ರೆ ಸಿಸ್ಟಮ್ ತುಂಬಿರೋ ಒಂದು ಫೈಲು, ಬರೆಯೋವಾಗ್ಲೇ ಆಯ್ತು. ಡೆಬಿಯನ್ 11ರ ಲೈವ್ ಇಮೇಜ್ ಇಳಿಸ್ಕೊಂಡೆ, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಇರೋದು. ಲೈವ್ ಅಂದ್ರೆ ಪೆನ್ ಡ್ರೈವಿಂದಾನೇ ಓಡ್ತದೆ, ಹೆಡ್ ಮೇಷ್ಟ್ರಿಗೆ ತೋರಿಸಬಹುದು, ಇಷ್ಟ ಆದ್ರೆ ಅಲ್ಲೇ ಇನ್‌ಸ್ಟಾಲ್ ಮಾಡಬಹುದು, ಇಂಟರ್ನೆಟ್ ಬೇಡ. ನಮ್ಮ ಕಡೆ ಜೂನ್ ತಿಂಗಳಲ್ಲಿ ಇಂಟರ್ನೆಟ್ ಬೇಡ ಅನ್ನೋದೇ ದೊಡ್ಡ ಆಕರ್ಷಣೆ, ಮಳೆ ಹಿಡೀತು ಅಂದ್ರೆ ಲೈನೂ ಹೋಗ್ತದೆ ಟವರೂ ಹೋಗ್ತದೆ. ಒಂದು ಮಷೀನಿಗೆ ಅರ್ಧ ಗಂಟೆಯೊಳಗೆ ಆಯ್ತು, ಎರಡು ದಿನದಲ್ಲಿ ಲ್ಯಾಬ್ ರೆಡಿ, ನಾನು ಎದೆ ಉಬ್ಬಿಸ್ಕೊಂಡು ಮನೆಗ್ ಬಂದೆ.

ಆಗ ನಂಗೆ ಗೊತ್ತಿಲ್ದೇ ಇದ್ದಿದ್ದು ಇಷ್ಟು. ಲೈವ್ ಇಮೇಜಲ್ಲಿ ಇರೋ ಕಲಮಾರೆಸ್ ಅನ್ನೋ ಇನ್‌ಸ್ಟಾಲರ್ ಪ್ಯಾಕೇಜುಗಳನ್ನ, ಅಂದ್ರೆ ಸಾಫ್ಟ್‌ವೇರಿನ ಕಟ್ಟುಗಳನ್ನ, ಒಂದೊಂದಾಗಿ ಆರಿಸಿ ಹಾಕಲ್ಲ, ಇಮೇಜಲ್ಲಿ ಏನಿದ್ಯೋ ಅದನ್ನ ಇಡಿಯಾಗಿ ಡಿಸ್ಕಿಗೆ ಸುರೀತದೆ, ಆಮೇಲೆ ಲೈವ್ ಓಡೋಕೆ ಬೇಕಾಗಿದ್ದ ಒಂದಿಷ್ಟನ್ನ ಮಾತ್ರ ತೆಗೀತದೆ. ಆ ಇಮೇಜ್ ಮಾಡಿರೋದು ಇಡೀ ಪ್ರಪಂಚಕ್ಕೆ, ಹಾಗಾಗಿ ಡೆಬಿಯನ್‌ಗೆ ಬರೋ ಅಷ್ಟೂ ಭಾಷೆಯ ಸಾಮಾನು ಅದ್ರಲ್ಲಿ ತುಂಬಿದೆ. ನಮ್ಮ ಮೆನುವಿನಲ್ಲಿ ಥಾಯ್ ಟರ್ಮಿನಲ್ ಇತ್ತು, ಜಪಾನಿ ಬರೆಯೋಕೆ ಮೋಜ್ಕ್ ಮತ್ತು ಆಂಥಿ ಅಂತ ಎರಡೆರಡು, ಹೀಬ್ರೂ ಕ್ಯಾಲೆಂಡರ್, ಖಮೇರ್ ಲಿಪಿ ಬದಲಾಯಿಸೋ ಟೂಲ್, ಯಾರೂ ಕೇಳದ ಡಿಕ್ಷನರಿ. ಸುಳ್ಳು ಹೇಳಬಾರದು, ಕನ್ನಡದ ಫಾಂಟೂ ಅದೇ ಗುಂಪಲ್ಲೇ ಬಂದಿತ್ತು, ನಾನು ಕೇಳ್ದೇನೇ ಕನ್ನಡ ಕಾಣಿಸಿದ್ದು ಆ ಧಾರಾಳತನದಿಂದಾನೇ. ಬ್ಯಾಂಕಾಕಲ್ಲಿ ಯಾರೋ ಇದೇ ಇಮೇಜ್ ಹಾಕ್ಕೊಂಡು ಗುಬ್ಬಿ ಅಂದ್ರೆ ಎಂತ, ನವಿಲು ಅಂದ್ರೆ ಎಂತ ಅಂತ ತಲೆ ಕೆರ್ಕೊಂಡಿರ್ತಾನೆ, ಅವೆರಡೂ ನಮ್ಮ ಫಾಂಟ್ ಹೆಸ್ರು. ಹಾಗಾಗಿ ಇದು ಡೆಬಿಯನ್ ತಪ್ಪು ಅಂತ ನಾನು ಹೇಳಲ್ಲ, ಆರಿಸಿದ್ದು ನಾನು.

ಆದ್ರೆ ತೊಂದ್ರೆ ಮೆನು ಉದ್ದ ಆಯ್ತು ಅನ್ನೋದಷ್ಟೇ ಆಗಿರ್ಲಿಲ್ಲ. ಎಂಟನೇ ಕ್ಲಾಸಿನ ಹುಡುಗರು ಯಾವ್ದೋ ಎರಡು ಕೀ ಒಟ್ಟಿಗೆ ಒತ್ತಿ ಜಪಾನಿ ಅಕ್ಷರ ಬರೋ ಹಾಗೆ ಮಾಡ್ಕೊಂಡು ವಾಪಸ್ ಬರೋಕೆ ಗೊತ್ತಾಗ್ದೆ ಮಷೀನ್ ಆಫ್ ಮಾಡಿ ಎದ್ದು ಹೋಗ್ತಿದ್ರು, ನೇರವಾಗಿ ಸ್ವಿಚ್ ಬೋರ್ಡಲ್ಲಿ ಆಫ್. ಅದಕ್ಕಿಂತ ದೊಡ್ಡದು ಅಪ್‌ಡೇಟ್. ಫೈರ್‌ಫಾಕ್ಸ್‌ನ ಸೆಕ್ಯುರಿಟಿ ಅಪ್‌ಡೇಟ್ ಹತ್ತಿರ ಹತ್ತಿರ ತಿಂಗಳಿಗೊಂದು ಬರ್ತದೆ, ಬಂದಾಗ ಫೈರ್‌ಫಾಕ್ಸ್ ಒಂದೇ ಬರಲ್ಲ, ಹಾಕಿರೋ ಅಷ್ಟೂ ಭಾಷೆಯ ಪ್ಯಾಕ್ ಹೊಸದಾಗಿ ಬರ್ತದೆ. ಲಿಬ್ರೆಆಫೀಸ್‌ದೂ ಅದೇ ಕಥೆ. 11 ಮಷೀನ್, ಒಂದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಇಷ್ಟೇ ಜಿಬಿ ಅಂತ ಪ್ಯಾಕ್. ಅದ್ರಲ್ಲಿ ಉಕ್ರೇನಿಯನ್, ಬಾಸ್ಕ್, ವಿಯೆಟ್ನಾಮೀಸ್ ಎಲ್ಲಾ ಇಳೀತಾ ಕೂತ್ರೆ ಮಕ್ಕಳ ಪಾಠದ ವಿಡಿಯೋ ಯಾವಾಗ ನೋಡೋದು. ಮೇಷ್ಟ್ರು ಎಂತ ಮಾಡಿದ್ರು ಅಂದ್ರೆ ಅಪ್‌ಡೇಟೇ ನಿಲ್ಲಿಸಿಬಿಟ್ರು. ಬೇಡದ ಪ್ಯಾಕೇಜಿಂದ ಆಗೋ ನಿಜವಾದ ಕೇಡು ಇದು ಅಂತ ನಂಗನ್ಸೋದು, ಡಿಸ್ಕ್ ಜಾಗ ಹೋಗೋದು ಆಮೇಲಿನ ಮಾತು.

ಸರಿ, ತೆಗೆದು ಹಾಕೋಣ ಅಂತ ಹೊರಟೆ. ಒಂದು ಪಟ್ಟಿ ಬರ್ಕೊಂಡೆ, ಅದನ್ನ ಆಪ್ಟ್ ಪರ್ಜ್ ಕಮಾಂಡಿಗೆ (ಆಪ್ಟ್ ಅಂದ್ರೆ ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕೋ ತೆಗೆಯೋ ಟೂಲ್, ಪರ್ಜ್ ಅಂದ್ರೆ ಪೂರ್ತಿ ತೆಗೆಯೋದು) ಕೊಡೋ ಒಂದು ಸಣ್ಣ ಸ್ಕ್ರಿಪ್ಟ್ ಮಾಡ್ದೆ, ಪ್ರತೀ ಸಲ ಹೌದಾ ಅಲ್ವಾ ಅಂತ ಕೇಳಬಾರದು ಅಂತ ಮೈನಸ್ ವೈ ಬೇರೆ ಸೇರಿಸ್ದೆ. ಇಲ್ಲಿ ಎರಡು ಎಡವಟ್ಟು ಒಟ್ಟಿಗೆ ಆಯ್ತು. ಒಂದು, ಪಟ್ಟಿಯಲ್ಲಿ ಐಬಸ್-ಮೋಜ್ಕ್, ಐಬಸ್-ಆಂಥಿ ಅಂತ ಬರೆಯೋ ಬದ್ಲು ಅವಸರದಲ್ಲಿ ಒಂದು ಕಡೆ ಬರೀ ಐಬಸ್ ಅಂತ ಬರೆದಿದ್ದೆ. ಐಬಸ್ ಅನ್ನೋದು ಬೇರೆ ಬೇರೆ ಭಾಷೆ ಟೈಪ್ ಮಾಡಿಸೋದರ ಮೂಲ, ಅದು ಹೋದ್ರೆ ಅದನ್ನ ನಂಬ್ಕೊಂಡಿರೋದೆಲ್ಲಾ ಹೋಗ್ತದೆ, ಐಬಸ್-ಎಂ17ಎನ್ ಕೂಡ ಹೋಯ್ತು, ಕನ್ನಡ ಟೈಪ್ ಮಾಡೋ ಕೆಜಿಪಿ ಕೀಬೋರ್ಡ್, ಅಂದ್ರೆ ನಮ್ಮ ನುಡಿಯ ವಿನ್ಯಾಸ, ಬರ್ತಿದ್ದಿದ್ದು ಅದ್ರಿಂದಾನೇ. ಜಪಾನಿ ಓಡಿಸೋಕೆ ಹೋಗಿ ಕನ್ನಡಾನ ಓಡಿಸ್ದೆ. ಆಪ್ಟ್ ಪಾಪ ಇಂತಿಂತಾದ್ದು ತೆಗೀತೀನಿ ಅಂತ ಪಟ್ಟಿ ತೋರಿಸೇ ತೋರಿಸ್ತದೆ, ಮೈನಸ್ ವೈ ಕೊಟ್ಟೋನಿಗೆ ಅದನ್ನ ಓದೋ ಪುರುಸೊತ್ತು ಇರ್ಬೇಕಲ್ಲ.

ಎರಡನೇದು ಕರೆಂಟು. ಏಳನೇ ಮಷೀನಲ್ಲಿ ಪರ್ಜ್ ನಡೀತಿರೋವಾಗ ಲೈನ್ ಮೇಲೆ ಮರ ಬಿತ್ತು, ಯುಪಿಎಸ್ ಬ್ಯಾಟರಿ ಹೆಸರಿಗಷ್ಟೇ, ಐದು ನಿಮಿಷಕ್ಕೆ ಎಲ್ಲಾ ಕಪ್ಪು. ಮಾರನೇ ದಿನ ಆನ್ ಮಾಡಿದ್ರೆ ಆಪ್ಟ್ ಹಿಂದೆ ಕೆಲ್ಸ ಮಾಡೋ ಡಿಪ್ಯಾಕೇಜ್ ಅರ್ಧಕ್ಕೆ ನಿಂತಿದೆ, ಕಾನ್ಫಿಗರ್ ಮೈನಸ್ ಎ ಓಡಿಸು ಅಂತ ಹೇಳ್ತದೆ. ಓಡಿಸ್ದೆ, ಸರಿ ಹೋಯ್ತು, ಡೆಬಿಯನ್‌ನ ಈ ಒಂದು ಗುಣಕ್ಕೆ ನಾನು ಯಾವಾಗ್ಲೂ ಕೈ ಮುಗೀತೀನಿ. ಆದ್ರೆ ಆಗ ನಂಗೆ ಹೊಳೀತು, 11 ಮಷೀನಲ್ಲಿ 11 ತರದ ಸ್ಥಿತಿ ಇದೆ, ಒಂದ್ರಲ್ಲಿ ಇರೋದು ಇನ್ನೊಂದ್ರಲ್ಲಿ ಇಲ್ಲ, ಯಾವ್ದರಲ್ಲಿ ಎಂತ ತೆಗ್ದೆ ಅಂತ ನಂಗೇ ನೆನಪಿಲ್ಲ. ಅಡಿಕೆ ತೋಟ ಇರೋರಿಗೆ ಗೊತ್ತಿರ್ತದೆ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದು ಮಳೆ ಹಿಡಿಯೋಕೆ ಮುಂಚೆ, ಗೊನೆಯಿಂದ ಕಾಯಿ ಉದುರೋಕೆ ಶುರುವಾದ್ಮೇಲೆ ಮೈಲುತುತ್ತ ಸುಣ್ಣ ಹಿಡ್ಕೊಂಡು ಮರ ಹತ್ತಿದ್ರೆ ಕೂಲಿ ದಂಡ. ನಾನು ಮಾಡ್ತಿದ್ದಿದ್ದು ಅದೇ.

ಹಾಗಾಗಿ ಒಳಗೆ ಬರೋಕೆ ಮುಂಚೇನೇ ತಡೀಬೇಕು ಅಂತ ತೀರ್ಮಾನ ಮಾಡಿ ಆ ವರ್ಷ ಹಾಗೇ ಬಿಟ್ಟೆ, ಕನ್ನಡ ಟೈಪಿಂಗ್ ಮಾತ್ರ ವಾಪಸ್ ಹಾಕಿ ಕೊಟ್ಟೆ. 2023ರ ಜೂನ್ 10ಕ್ಕೆ ಡೆಬಿಯನ್ 12 ಬಂತು, ಅದೇ ನೆಪ ಮಾಡ್ಕೊಂಡು ಎಲ್ಲಾ ಒರೆಸಿ ಹೊಸದಾಗಿ ಶುರು ಮಾಡ್ದೆ. ಈ ಸಲ ಲೈವ್ ಅಲ್ಲ, ನೆಟ್‌ಇನ್‌ಸ್ಟ್ ಅನ್ನೋ ಚಿಕ್ಕ ಇಮೇಜ್. ಅದ್ರಲ್ಲಿ ಬುಡ ಮಾತ್ರ ಇರ್ತದೆ, ಮಿಕ್ಕಿದ್ದನ್ನ ನಾವು ಹೇಳಿದ ಹಾಗೆ ನೆಟ್ಟಿಂದ ತರ್ತದೆ.

ಇಲ್ಲಿ ಒಂಚೂರು ಒಳಗಿನ ಕಥೆ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಡೆಬಿಯನ್ 12ರಲ್ಲಿ 64,419 ಪ್ಯಾಕೇಜ್ ಇವೆ. ಪ್ರತಿಯೊಂದಕ್ಕೂ ಒಂದು ಪ್ರಯಾರಿಟಿ ಇರ್ತದೆ, ರಿಕ್ವೈರ್ಡ್ ಮತ್ತು ಇಂಪಾರ್ಟೆಂಟ್ ಅನ್ನೋವು ಬುಡದ ಸಿಸ್ಟಮ್ಮಿಗೆ ಬಂದೇ ಬರ್ತವೆ, ಸ್ಟ್ಯಾಂಡರ್ಡ್ ಅನ್ನೋದು ಒಂದು ಟಿಕ್ ಹಾಕಿದ್ರೆ ಬರ್ತದೆ, ಮಿಕ್ಕಿದ್ದೆಲ್ಲಾ ಆಪ್ಷನಲ್. ಆಮೇಲೆ ಪ್ಯಾಕೇಜುಗಳ ನಡುವಿನ ನೆಂಟಸ್ತಿಕೆ. ಡಿಪೆಂಡ್ಸ್ ಅಂದ್ರೆ ಅನ್ನಕ್ಕೆ ಅಕ್ಕಿ ಇದ್ದ ಹಾಗೆ, ಇಲ್ದೇ ಆಗೋದೇ ಇಲ್ಲ. ರೆಕಮೆಂಡ್ಸ್ ಅಂದ್ರೆ ಸಾರು, ಅದಿಲ್ದೆ ಊಟ ಅಂತ ಕರೆಯೋಕೆ ಕಷ್ಟ. ಸಜೆಸ್ಟ್ಸ್ ಅಂದ್ರೆ ಹಪ್ಪಳ. 2009ರಲ್ಲಿ ಬಂದ ಡೆಬಿಯನ್ 5ರಿಂದ ಆಪ್ಟ್ ಈ ರೆಕಮೆಂಡ್ಸ್ ಅನ್ನೋದನ್ನೂ ಕೇಳ್ದೆ ಹಾಕ್ತದೆ. ಇನ್‌ಸ್ಟಾಲರಲ್ಲಿ ಡೆಸ್ಕ್‌ಟಾಪ್ ಆರಿಸೋ ನೀಲಿ ಸ್ಕ್ರೀನ್ ಬರ್ತದಲ್ಲ, ಅದು ಟಾಸ್ಕ್‌ಸೆಲ್, ಅಲ್ಲಿ ಎಕ್ಸ್‌ಎಫ್‌ಸಿಇ ಅಂತ ಒಂದು ಟಿಕ್ ಹಾಕಿದ್ರೆ ಹಿಂದೆ ಇರೋದು ಒಂದು ಟಾಸ್ಕ್ ಪ್ಯಾಕೇಜು, ಲಿಬ್ರೆಆಫೀಸ್ ಇಂದ ಹಿಡಿದು ಸ್ಕ್ಯಾನರ್ ಸಾಫ್ಟ್‌ವೇರ್ ತನಕ ಎಲ್ಲಾ ಅದರ ರೆಕಮೆಂಡ್ಸ್ ಆಗಿ ಬರ್ತದೆ. ಯಾವ್ದೋ ಒಂದು ಪ್ಯಾಕೇಜ್ ಎಂತಕ್ಕೆ ಬಂತು ಅಂತ ಗೊತ್ತಾಗ್ಬೇಕಾದ್ರೆ ಆಪ್ಟಿಟ್ಯೂಡ್ ವೈ ಅಂತ ಕಮಾಂಡ್ ಇದೆ, ಹೆಸರು ಕೊಟ್ರೆ ಯಾರ ಮೂಲಕ ಬಂತು ಅಂತ ಸರಪಳಿ ತೋರಿಸ್ತದೆ, ಮದುವೆ ಮನೆಗೆ ಬಂದ ಅಪರಿಚಿತರನ್ನ "ನೀವು ಯಾರ ಕಡೆಯೋರು" ಅಂತ ಕೇಳೋ ಹಾಗೆ. ಪರ್ಜ್ ಮಾಡೋಕೆ ಮುಂಚೆ ನಾನು ಇದನ್ನ ಕೇಳಿದ್ರೆ ಅರ್ಧ ಗೋಳು ತಪ್ತಿತ್ತು.

ಈಗ ಪ್ರಿಸೀಡ್. ಇನ್‌ಸ್ಟಾಲರ್ ಕೇಳೋ ಪ್ರಶ್ನೆಗಳಿಗೆಲ್ಲಾ ಮುಂಚೇನೇ ಉತ್ತರ ಬರೆದಿಡೋ ಒಂದು ಟೆಕ್ಸ್ಟ್ ಫೈಲು. ಬೂಟ್ ಮೆನುವಲ್ಲಿ ಆಟೊಮೇಟೆಡ್ ಇನ್‌ಸ್ಟಾಲ್ ಆರಿಸಿದ್ರೆ ಫೈಲ್ ಎಲ್ಲಿದೆ ಅಂತ ಕೇಳ್ತದೆ, ನನ್ನ ಲ್ಯಾಪ್‌ಟಾಪ್ ವಿಳಾಸ ಕೊಟ್ಟೆ, ಲ್ಯಾಪ್‌ಟಾಪಲ್ಲಿ ಪೈಥಾನ್‌ನ ಪುಟ್ಟ ವೆಬ್ ಸರ್ವರ್ ಓಡ್ತಿತ್ತು, ಜೊತೆಗೆ ಆಪ್ಟ್-ಕ್ಯಾಶರ್-ಎನ್‌ಜಿ, 3142ನೇ ಪೋರ್ಟಲ್ಲಿ. ಈ ಕ್ಯಾಶರ್ ಬಗ್ಗೆ ಗೊತ್ತಿಲ್ದಿದ್ರೆ ಇವತ್ತೇ ತಿಳ್ಕೊಳ್ಳಿ ಮಾರಾಯ್ರೆ, ಮೊದಲ್ನೇ ಮಷೀನ್ ನೆಟ್ಟಿಂದ ತಂದಿದ್ದನ್ನ ಇಟ್ಕೊಂಡು ಮಿಕ್ಕ ಹತ್ತಕ್ಕೆ ಅಲ್ಲಿಂದಾನೇ ಕೊಡ್ತದೆ. ಹಳೇ ಒಂದು ಸ್ವಿಚ್ಚು, ನಾಲ್ಕೈದು ಲ್ಯಾನ್ ವೈರು, ಮೊಬೈಲ್ ಹಾಟ್‌ಸ್ಪಾಟ್ ಕಿಟಕಿ ಹತ್ರ ಕಟ್ಟಿದ್ದು, ಅಷ್ಟೇ ನಮ್ಮ ಡೇಟಾ ಸೆಂಟರ್.

ಪ್ರಿಸೀಡಲ್ಲಿ ಮುಖ್ಯ ಸಾಲು ಮೂರು. ಟಾಸ್ಕ್‌ಸೆಲ್‌ಗೆ ಸ್ಟ್ಯಾಂಡರ್ಡ್ ಒಂದೇ ಸಾಕು, ಡೆಸ್ಕ್‌ಟಾಪ್ ಟಾಸ್ಕ್ ಬೇಡ ಅಂತ. ಪ್ಯಾಕೇಜ್‌ಸೆಲ್ ಇನ್‌ಕ್ಲೂಡ್ ಅನ್ನೋ ಸಾಲಲ್ಲಿ ನಮಗೆ ಬೇಕಾದ್ದನ್ನ ಹೆಸರು ಹಿಡಿದು ಬರೆಯೋದು. ಮೂರನೇದು ಬೇಸ್-ಇನ್‌ಸ್ಟಾಲರಿಗೆ ರೆಕಮೆಂಡ್ಸ್ ಹಾಕ್ಬೇಡ ಅಂತ ಹೇಳೋದು. ಡೆಬಿಯನ್‌ನವರು ಕೊಡೋ ಮಾದರಿ ಫೈಲಲ್ಲೇ ಈ ಮೂರನೇ ಸಾಲಿನ ಮೇಲೆ ಎಚ್ಚರಿಕೆ ಇದೆ, ಇದನ್ನ ಹಾಕಿದ್ರೆ ಸಿಸ್ಟಮ್ ಅಪೂರ್ಣ ಆಗಬಹುದು, ತುಂಬಾ ಅನುಭವ ಇರೋರು ಮಾತ್ರ ಬಳಸಿ ಅಂತ. ನಾನು ಅನುಭವಸ್ಥ ಅಂತ ಅಂದ್ಕೊಂಡೆ.

ಮೊದಲ ಮಷೀನ್ ಇನ್‌ಸ್ಟಾಲ್ ಆಗಿ ರೀಬೂಟ್ ಆಯ್ತು. ಕಪ್ಪು ಸ್ಕ್ರೀನು, ಮೇಲೆ ಎಡಗಡೆ ಲಾಗಿನ್ ಅಂತ ಒಂದು ಪದ, ಮಿಣುಕ್ ಮಿಣುಕ್ ಅನ್ನೋ ಗೆರೆ. ಹೆಡ್ ಮೇಷ್ಟ್ರು ಹಿಂದೆ ನಿಂತಿದ್ರು. "ಇದೆಂತದು, ಡಾಸ್ ಥರ ಕಾಣ್ತದಲ್ಲ, ನಾವು ಬಿ.ಎಡ್ ಮಾಡೋವಾಗ ಹೀಗಿತ್ತು" ಅಂದ್ರು. ನಾನು ಎಕ್ಸ್‌ಎಫ್‌ಸಿಇ4 ಅಂತ ಬರೆದಿದ್ದೆ, ಲಾಗಿನ್ ಪರದೆ ತೋರಿಸೋ ಲೈಟ್‌ಡಿಎಂ ಬರೆದಿದ್ದೆ, ಆದ್ರೆ ಚಿತ್ರ ತೋರಿಸೋ ಎಕ್ಸ್ ಸರ್ವರ್ ಇವೆರಡಕ್ಕೂ ಬರೀ ರೆಕಮೆಂಡ್ಸ್, ಡಿಪೆಂಡ್ಸ್ ಅಲ್ಲ. ಡೆಸ್ಕ್‌ಟಾಪ್ ಬಂದಿದೆ, ಅದನ್ನ ತೋರಿಸೋ ಪರದೆ ಬಂದಿಲ್ಲ. ಆ ಎಕ್ಸ್ ಸರ್ವರ್ ತರೋ ಕ್ಸಾರ್ಗ್ ಸೇರಿಸಿ ಮತ್ತೆ ಹಾಕ್ದೆ. ಈ ಸಲ ಡೆಸ್ಕ್‌ಟಾಪ್ ಬಂತು, ಚಕ್ ಅಂತ ಓಪನ್ ಆಯ್ತು, ಮೆನುವಲ್ಲಿ ಬೆರಳೆಣಿಕೆಯ ಐಟಂ, ನಂಗೆ ಖುಷಿಯೋ ಖುಷಿ.

ಮೇಷ್ಟ್ರು ಜೇಬಿಂದ ಪೆನ್ ಡ್ರೈವ್ ತೆಗೆದು ಸಿಕ್ಕಿಸಿದ್ರು. ಎಂತೂ ಆಗ್ಲಿಲ್ಲ. ತೆಗೆದು ಊದಿದ್ರು, ಮತ್ತೆ ಸಿಕ್ಕಿಸಿದ್ರು. ಹಿಂದಿನ ಪೋರ್ಟಿಗೆ ಹಾಕಿದ್ರು. ಪೆನ್ ಡ್ರೈವಿನ ದೀಪ ಹತ್ತಿದೆ, ಸ್ಕ್ರೀನಲ್ಲಿ ಸದ್ದೇ ಇಲ್ಲ. ಆ ಶಾಲೆಯ ಎಲ್ಲಾ ವ್ಯವಹಾರ, ಅಂಕಪಟ್ಟಿ, ಬಿಸಿಯೂಟದ ಲೆಕ್ಕ, ಬಿಇಓ ಆಫೀಸಿಗೆ ಹೋಗೋ ಪತ್ರ ಎಲ್ಲಾ ಆ ಒಂದು ಪೆನ್ ಡ್ರೈವಲ್ಲೇ ಓಡಾಡೋದು. ಅದು ಕಾಣ್ದೇ ಇರೋ ಕಂಪ್ಯೂಟರ್ ಎಷ್ಟೇ ವೇಗವಾಗಿದ್ರೂ ಅವರ ಪಾಲಿಗೆ ಸತ್ತ ಹಾಗೆ. ಪೆನ್ ಡ್ರೈವ್ ಹಾಕಿದ ತಕ್ಷಣ ತೆರೆಯೋದು ಥುನಾರ್-ವೊಲ್‌ಮ್ಯಾನ್ ಮತ್ತು ಜಿವಿಎಫ್‌ಎಸ್ ಕೆಲ್ಸ, ಎರಡೂ ರೆಕಮೆಂಡ್ಸ್ ಸಾಲಲ್ಲಿ ಕೂತಿದ್ದೋವು. ಸಾರಿಲ್ಲದ ಅನ್ನ ಬಡಿಸಿ ಊಟ ಆಯ್ತಾ ಅಂತ ಕೇಳೋ ಹಾಗಾಗಿತ್ತು ನನ್ನ ಕಥೆ. ಆಮೇಲೆ ಮೊಬೈಲ್ ಸಿಕ್ಕಿಸಿದ್ರೆ ಫೋಟೋ ಕಾಣೋಕೆ ಜಿವಿಎಫ್‌ಎಸ್-ಬ್ಯಾಕೆಂಡ್ಸ್, ವೈಫೈ ಐಕಾನಿಗೆ ನೆಟ್‌ವರ್ಕ್-ಮ್ಯಾನೇಜರ್-ಗ್ನೋಮ್, ಹೀಗೆ ಒಂದೊಂದೇ ಬೆಳೀತು ಪಟ್ಟಿ. ಪ್ರಿಂಟರಿಂದಂತೂ ಒಂದು ದಿನ ಹೋಯ್ತು, ಅದನ್ನ ಬರೆಯಲ್ಲ, ಪ್ರಿಂಟ್ ಮಾಡಿಸೋ ಕಪ್ಸ್ ಜೊತೆ ನೆಟ್‌ವರ್ಕಲ್ಲಿ ಪ್ರಿಂಟರ್ ಹುಡುಕೋ ಅವಾಹಿನೂ ಇರ್ಲಿ ಅಂತಷ್ಟೇ ಹೇಳ್ತೀನಿ.

ಆದ್ರೆ ಈ ಕೇಸಲ್ಲಿ ನನ್ನ ತಲೆ ತಿರುಗಿಸಿದ್ದು ಆರ್ಕಾ. ಅದು ಸ್ಕ್ರೀನ್ ರೀಡರ್, ಸ್ಕ್ರೀನಲ್ಲಿ ಇರೋದನ್ನ ಓದಿ ಹೇಳ್ತದೆ. 2022ರ ನನ್ನ ಪರ್ಜ್ ಪಟ್ಟಿಯಲ್ಲಿ ಅದು ಮೂರನೇ ಸಾಲಲ್ಲಿತ್ತು, ಶಾಲೆಗೆ ಇದೆಲ್ಲಾ ಎಂತಕ್ಕೆ ಅಂತ ಒಂದು ಕ್ಷಣನೂ ಯೋಚ್ನೆ ಮಾಡ್ದೆ ಬರೆದಿದ್ದೆ. 2023ರಲ್ಲಿ ಹೊಸ ಪಟ್ಟಿ ಮಾಡೋವಾಗ ಈ ಸಲ ಟೀಚರ್‌ಗಳ ಮುಂದೆ ಕೂತು ಓದ್ತೀನಿ ಅಂತ ಸ್ಟಾಫ್ ರೂಮಲ್ಲಿ ಕೂತಿದ್ದೆ, ಹೊರಗೆ ಮಳೆ, ಚಾ ಬಂದಿತ್ತು, ನಾನು ಒಂದೊಂದೇ ಹೆಸರು ಓದಿ ಇದು ಇಂಥದ್ದು, ಬೇಕಾ ಬೇಡ್ವಾ ಅಂತ ಕೇಳ್ತಿದ್ದೆ. ಆರ್ಕಾ ಬಂದಾಗ "ಇದು ಕಣ್ಣು ಕಾಣದೋರಿಗೆ, ಬೇಡ ಅಲ್ವಾ" ಅಂದೆ. ವಿಜ್ಞಾನದ ಮೇಡಂ ಲೋಟ ಕೆಳಗಿಟ್ಟು "ಒಂಬತ್ತನೇ ಕ್ಲಾಸಲ್ಲಿ ಒಬ್ಳಿದಾಳಲ್ಲ, ಪುಸ್ತಕ ಮೂಗಿಗೆ ತಾಗ್ಸಿ ಓದೋಳು, ಲ್ಯಾಬಲ್ಲಿ ಅವಳು ಸುಮ್ನೆ ಕೂತಿರ್ತಾಳೆ, ಅವಳಿಗೆ ಆಗಲ್ವಾ ಇದು" ಅಂದ್ರು. ನಂಗೆ ಮಾತೇ ಬರ್ಲಿಲ್ಲ. ಒಂದು ವರ್ಷ ಆ ಮಗು ಸುಮ್ನೆ ಕೂತಿದ್ದು ನಾನು ತೆಗೆದು ಹಾಕಿದ ಪ್ಯಾಕೇಜಿಂದಾನೂ ಹೌದು, ಆ ಹೊತ್ತಲ್ಲಿ ಯಾರಿಗೂ ಅದು ಇತ್ತು ಅನ್ನೋದೇ ಗೊತ್ತಿರ್ಲಿಲ್ಲ. ಆರ್ಕಾ ಹಾಕ್ದೆ. ಹಾಕಿದ್ರೆ ಮೂಕ, ಯಾಕಂದ್ರೆ ದನಿ ಕೊಡೋ ಈಸ್ಪೀಕ್ ಭಾಗ ಮತ್ತದೇ ರೆಕಮೆಂಡ್ಸಲ್ಲಿ ಇತ್ತು, ಅದನ್ನೂ ಕೈಯಾರೆ ಸೇರಿಸ್ದೆ. ಈಸ್ಪೀಕ್ ಎನ್‌ಜಿಗೆ ಕನ್ನಡ ಬರ್ತದೆ, ಉಚ್ಚಾರ ಕೇಳಿದ್ರೆ ಯಕ್ಷಗಾನದ ರಾಕ್ಷಸ ವೇಷಕ್ಕೆ ಶೀತ ಆದ ಹಾಗಿದೆ, ಮಕ್ಕಳೆಲ್ಲಾ ನಕ್ರು, ಆದ್ರೆ ಅವಳಿಗೆ ಅರ್ಥ ಆಗ್ತದೆ.

ಅಲ್ಲಿಂದ ಮೇಲೆ ಪಟ್ಟಿ ಮಾಡೋ ರೀತಿ ಬದಲಾಯ್ತು. ಬೇಡದ್ದು ಯಾವ್ದು ಅಂತ ನಾನು ಒಬ್ನೇ ಹೇಳೋದು ನಿಲ್ಲಿಸ್ದೆ. ವಿಜ್ಞಾನ ಮೇಡಂಗೆ ಕಾಲ್ಜಿಯಂ ಬೇಕು, ಮೂಲವಸ್ತುಗಳ ಆವರ್ತಕ ಕೋಷ್ಟಕ ತೋರಿಸೋದು, ಅದು ಕೆಡಿಇ ಅನ್ನೋ ಬೇರೆ ಡೆಸ್ಕ್‌ಟಾಪ್ ಕಡೆಯ ಸಾಫ್ಟ್‌ವೇರು, ಹಿಂದೆ ಒಂದು ದೊಡ್ಡ ದಿಬ್ಬಣಾನೇ ಕರ್ಕೊಂಡು ಬರ್ತದೆ. ಹಳೇ ನಾನಾಗಿದ್ರೆ ಆಗಲ್ಲ ಅಂತಿದ್ದೆ. ಹಾಕ್ದೆ, ಮೇಡಂ ದಿನಾ ಬಳಸ್ತಾರೆ ಅಂದ್ಮೇಲೆ ಬಂದ ನೆಂಟರಿಗೂ ಜಾಗ ಕೊಡಲೇಬೇಕು. ಸ್ಟೆಲ್ಲೇರಿಯಂ ಕೇಳಿದ್ರು, ಗ್ರಾಫಿಕ್ಸ್ ಚೆನ್ನಾಗಿರೋ ಎರಡು ಮಷೀನಲ್ಲಿ ಮಾತ್ರ ಹಾಕಿದೀನಿ, ಜೂನಿಂದ ಸೆಪ್ಟೆಂಬರ್ ತನಕ ನಮ್ಮೂರಲ್ಲಿ ನಕ್ಷತ್ರ ಕಾಣೋದು ಅದ್ರಲ್ಲೇ. ಆಟ ಬೇಡ ಅಂತ ಹೆಡ್ ಮೇಷ್ಟ್ರು, ಚಿತ್ರ ಬಿಡಿಸೋ ಟಕ್ಸ್‌ಪೇಂಟ್ ಆಟ ಅಲ್ಲ ಅಂತ ಡ್ರಾಯಿಂಗ್ ಮೇಷ್ಟ್ರು, ಅದೊಂದು ವಾರ ನಡೀತು, ಟಕ್ಸ್‌ಪೇಂಟ್ ಉಳೀತು. ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ ಅಂತ ಒಂದೇ ಹೆಸರು ಬರೆದ್ರೆ ಲೋಹಿತ್, ಗುಬ್ಬಿ, ನವಿಲು ಮೂರೂ ಬರ್ತವೆ, ಜೊತೆಗೆ ಐಬಸ್-ಎಂ17ಎನ್, ಫೈರ್‌ಫಾಕ್ಸಿಗೆ ಕನ್ನಡದ ಪ್ಯಾಕ್. ಭಾಷೆ ವಿಷ್ಯದಲ್ಲಿ ಅಷ್ಟೇ, ಕನ್ನಡ ಮತ್ತೆ ಇಂಗ್ಲಿಷು, ಹಿಂದಿ ಮೇಷ್ಟ್ರು ಕೇಳಿದ್ರು ಅಂತ ದೇವನಾಗರಿ ಫಾಂಟು.

ಬಾಗಿಲಲ್ಲಿ ತಡೆದದ್ದು ಹಿತ್ತಲಿಂದ ಬರಬಾರದು ಅಂತ ಇನ್ನೊಂದು ಕೆಲ್ಸ ಮಾಡ್ದೆ. ಪ್ರಿಸೀಡಿನ ಕೊನೆಯಲ್ಲಿ ಲೇಟ್ ಕಮಾಂಡ್ ಅಂತ ಒಂದು ಸಾಲು ಇರ್ತದೆ, ಇನ್‌ಸ್ಟಾಲ್ ಮುಗಿಯೋ ಹೊತ್ತಿಗೆ ನಾವು ಹೇಳಿದ್ದನ್ನ ಓಡಿಸ್ತದೆ, ಅದ್ರಲ್ಲಿ ಆಪ್ಟ್‌ನ ಪ್ರಿಫರೆನ್ಸಸ್ ಫೋಲ್ಡರಿಗೆ ಒಂದು ಚಿಕ್ಕ ಫೈಲ್ ಹೋಗೋ ಹಾಗೆ ಮಾಡ್ದೆ. ಬೇಡದ ಪ್ಯಾಕೇಜಿನ ಹೆಸರು, ಕೆಳಗೆ ಪಿನ್ ಪ್ರಯಾರಿಟಿ ಮೈನಸ್ 1. ಪ್ರಯಾರಿಟಿ ಸೊನ್ನೆಗಿಂತ ಕೆಳಗಿದ್ರೆ ಆಪ್ಟ್ ಅದನ್ನ ಹಾಕೋದೇ ಇಲ್ಲ, ಬೇರೆ ಯಾವ್ದೋ ಪ್ಯಾಕೇಜ್ ರೆಕಮೆಂಡ್ ಮಾಡಿದ್ರೂ ಬಿಟ್ಟು ಮುಂದೆ ಹೋಗ್ತದೆ. ಇದು ನಾನು ಕಂಡುಹಿಡಿದಿದ್ದಲ್ಲ, 2020ರಲ್ಲಿ ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 20 ಬಂದಾಗ ಉಬುಂಟುವಿನ ಸ್ನ್ಯಾಪ್‌ಡಿ (ಸ್ನ್ಯಾಪ್ ಅನ್ನೋ ಅದರದ್ದೇ ಅಂಗಡಿಯಿಂದ ಸಾಫ್ಟ್‌ವೇರ್ ತರೋದು) ಒಳಗೆ ಬರಬಾರದು ಅಂತ ಅವರು ಮಾಡಿದ್ದೂ ಇದೇ ಉಪಾಯ, ನೋಸ್ನ್ಯಾಪ್ ಅಂತ ಒಂದು ಫೈಲು, ಅದ್ರಲ್ಲಿ ಮೈನಸ್ 10. ಕ್ರೋಮಿಯಂ ಬ್ರೌಸರ್ ಹಾಕು ಅಂದ್ರೆ ಹಿಂದಿಂದ ಸ್ನ್ಯಾಪ್ ಅಂಗಡಿಗೆ ದಾರಿ ಆಗ್ತಿತ್ತು ಅನ್ನೋದು ಅವರ ತಕರಾರು. ದೊಡ್ಡೋರ ಜಗಳ ನಮ್ಮ ಶಾಲೆಗೆ ಉಪಯೋಗಕ್ಕೆ ಬಂತು.

ಇನ್ನೂ ಒಂದು ಮಾತು ಸೇರಿಸ್ತೀನಿ, ಸ್ವಲ್ಪ ವಿಷಯಾಂತರ. ಇನ್‌ಸ್ಟಾಲರಲ್ಲಿ ಎಂತ ಇರ್ಬೇಕು ಎಂತ ಇರಬಾರದು ಅನ್ನೋದು ಡೆಬಿಯನ್‌ನವರಿಗೇ ಸುಲಭದ್ದಲ್ಲ. ವೈಫೈ ಕಾರ್ಡಿಗೆ ಬೇಕಾಗೋ ಫರ್ಮ್‌ವೇರ್, ಅಂದ್ರೆ ಕಾರ್ಡಿನೊಳಗೆ ಓಡೋ ಸಾಫ್ಟ್‌ವೇರ್, ಹೆಚ್ಚಾಗಿ ಸ್ವತಂತ್ರ ತಂತ್ರಾಂಶ (ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ್ದು) ಅಲ್ಲ, ಹಾಗಾಗಿ ವರ್ಷಗಟ್ಟಲೆ ಅದು ಅಧಿಕೃತ ಇನ್‌ಸ್ಟಾಲರಿಂದ ಹೊರಗಿತ್ತು, 2022ರಲ್ಲಿ ಡೆವಲಪರ್‌ಗಳು ವೋಟ್ ಹಾಕಿ ಡೆಬಿಯನ್‌ನ ಮೂಲ ನಿಯಮ ಅನ್ನಬಹುದಾದ ಸಾಮಾಜಿಕ ಒಪ್ಪಂದಕ್ಕೇ ತಿದ್ದುಪಡಿ ಮಾಡಿ ಒಳಗೆ ಬಿಟ್ರು, ಡೆಬಿಯನ್ 12ರಿಂದ ಅದು ಬರ್ತದೆ. ನಂಗೆ ಎರಡೂ ಕಡೆಯ ವಾದ ಸರಿ ಅನ್ಸ್ತದೆ. 2022ರಲ್ಲಿ ಈ ಮಷೀನುಗಳ ವೈಫೈಗಾಗಿ ಫರ್ಮ್‌ವೇರ್ ಫೈಲನ್ನ ಬೇರೆ ಪೆನ್ ಡ್ರೈವಲ್ಲಿ ಹೊತ್ಕೊಂಡು ಬೈಕಲ್ಲಿ ಹೋಗಿದ್ದೆ, 2023ರಲ್ಲಿ ಅದರ ಗೋಜೇ ಇರ್ಲಿಲ್ಲ, ಹಾಗಾಗಿ ನನ್ನ ಬೆನ್ನುಮೂಳೆ ಯಾವ ಕಡೆ ವೋಟ್ ಹಾಕ್ತದೆ ಅನ್ನೋದು ಹೇಳ್ಬೇಕಾಗಿಲ್ಲ.

ಪ್ರಿಸೀಡಲ್ಲಿ ಒಂದು ಜಾಗ ಮಾತ್ರ ನಾನು ಬೇಕಂತಾನೇ ಖಾಲಿ ಬಿಟ್ಟೆ. ಡಿಸ್ಕ್ ಪಾರ್ಟಿಷನ್ ಒರೆಸೋಕೆ ಮುಂಚೆ ಅದು ನಿಲ್ಲಬೇಕು, ಮನುಷ್ಯ ನೋಡಿ ಹೌದು ಅನ್ಬೇಕು. ಶಾಲೆಯ ಆಫೀಸಿನ ಮಷೀನಲ್ಲಿ ಹಳೇ ಎಸ್ಸೆಸ್ಸೆಲ್ಸಿ ದಾಖಲೆ ಇತ್ತು, ಗುಮಾಸ್ತರು ಯಾವ ಡ್ರೈವಲ್ಲಿ ಇಟ್ಟಿದಾರೆ ಅಂತ ಅವರಿಗೇ ಗೊತ್ತಿರ್ಲಿಲ್ಲ. ಎಲ್ಲಾ ಆಟೊಮ್ಯಾಟಿಕ್ ಮಾಡಿದ್ರೆ ಆ ದಿನಾನೇ ನಾನು ಊರು ಬಿಡ್ಬೇಕಿತ್ತು.

ಈಗ ಲ್ಯಾಬ್ ನಡೀತಿದೆ. ಅಪ್‌ಡೇಟ್ ತಿಂಗಳಿಗೊಂದ್ಸಲ, ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಮೇಲೆ, ಕ್ಯಾಶರ್ ಹಾಕಿರೋ ಒಂದು ಮಷೀನ್ ಮೊದ್ಲು ಇಳಿಸ್ಕೊಳ್ತದೆ, ಮಿಕ್ಕಿದ್ದು ಅದ್ರಿಂದ ತಗೊಳ್ತವೆ, ಹತ್ತನೇ ಕ್ಲಾಸಿನ ಇಬ್ಬರು ಹುಡುಗ್ರು ಮಾಡ್ತಾರೆ, ಮೈನಸ್ ವೈ ಕೊಡಬಾರದು, ಪಟ್ಟಿ ಜೋರಾಗಿ ಓದಿ ಆಮೇಲೆ ಎಂಟರ್ ಒತ್ಬೇಕು ಅಂತ ಹೇಳಿಕೊಟ್ಟಿದೀನಿ. ಮರೀಬಾರದ ಒಂದು ವಿಷ್ಯ, ರೆಕಮೆಂಡ್ಸ್ ಬೇಡ ಅಂದಿದ್ದು ಇನ್‌ಸ್ಟಾಲ್ ಮುಗಿದ್ಮೇಲೂ ಆ ಮಷೀನಲ್ಲಿ ಹಾಗೇ ಉಳೀತದೆ, ಮುಂದೆ ಯಾರಾದ್ರೂ ಹೊಸ ಸಾಫ್ಟ್‌ವೇರ್ ಹಾಕಿ ಅರ್ಧಂಬರ್ಧ ಓಡಿದ್ರೆ ಮೊದ್ಲು ಅಲ್ಲಿ ನೋಡ್ಬೇಕು. ಇದನ್ನ ಒಂದು ಹಾಳೆಯಲ್ಲಿ ಬರೆದು ಬೀರು ಬಾಗಿಲ ಒಳಗಡೆ ಅಂಟಿಸಿದೀನಿ, ಮಳೆಗಾಲದ ತೇವಕ್ಕೆ ಎರಡು ಸಲ ಬೂಸ್ಟು ಹಿಡಿದು ಬದಲಾಯಿಸಿಯೂ ಆಯ್ತು.

2025ರ ಆಗಸ್ಟಲ್ಲಿ ಡೆಬಿಯನ್ 13 ಬಂದಿದೆ. ಅದ್ರಲ್ಲಿ 32 ಬಿಟ್ ಮಷೀನಿಗೆ ಇನ್‌ಸ್ಟಾಲರೇ ಇಲ್ಲ, ಹಾಗಾಗಿ ನಮ್ಮ ಮುದುಕ ಆಟಮ್ ಹನ್ನೆರಡರಲ್ಲೇ ನಿಲ್ತಾನೆ, ಅವನನ್ನ ನೆಟ್ ತೆಗೆದು ಟಕ್ಸ್‌ಪೇಂಟಿಗೆ ಅಂತ ಇಟ್ಟಿದೀವಿ. ಮಿಕ್ಕ ಹತ್ತಕ್ಕೆ ದಸರಾ ರಜೆಯಲ್ಲಿ ಹೊಸದು ಹಾಕ್ಬೇಕು, ಪಟ್ಟಿ ಮತ್ತೆ ಸ್ಟಾಫ್ ರೂಮಿಗೆ ತಗೊಂಡು ಹೋಗ್ಬೇಕು. ಕನ್ನಡ ಮೇಡಂ ಈಗ್ಲೇ ಹೇಳಿಟ್ಟಿದಾರೆ, ಆಮಂತ್ರಣಕ್ಕೆ ಹಾಕೋ ಅಂಥ ಕನ್ನಡ ಫಾಂಟ್ ಇನ್ನೂ ನಾಲ್ಕೈದು ಬೇಕಂತೆ.